ಮೂವತ್ತಾರು ವರ್ಷ ಕೆಳಗಿನ ಸಾಲಿನಲ್ಲಿ

ಟೋಕಿಯೊ

ಪೂಜ್ಯ ಅಪ್ಪಾಜಿಯವರಿಗೆ ನಮಸ್ಕಾರಗಳು.

ಇಲ್ಲಿ ನಾವೆಲ್ಲ ಕ್ಷೇಮ. ಹನಕಾಜೆ ಎಂಬ ಸುಮೊ ಪೈಲ್ವಾನರ ಸುದ್ದಿ ಹೇಳಿದಾಗ ನೀವು ಕೇಳಿದಿರಿ: "ಮೇಲಕ್ಕೇ ಹೋಗದವನು ಅಷ್ಟು ವರ್ಷ ಗರಡೀಲಿ ಉಳಿದಿದ್ದು ಹೇಗೆ?" ಫೋನಿನಲ್ಲಿ ಮುಗಿಯುವ ಮಾತಲ್ಲ, ಅದಕ್ಕೇ ಈ ಕಾಗದ.

ಹನಕಾಜೆ ತತ್ಸುನಾಮಿ ಗರಡಿಯವರು. ಇಲ್ಲಿ ಗರಡಿಗೆ ಹೆಯಾ ಅನ್ನುತ್ತಾರೆ. 1986ರ ಮಾರ್ಚ್‌ನಲ್ಲಿ, ಹದಿನೈದರ ವಯಸ್ಸಿಗೆ ಕಣಕ್ಕಿಳಿದರು. ಬಿಟ್ಟದ್ದು 2022ರ ಜನವರಿಯಲ್ಲಿ, 51ನೇ ವಯಸ್ಸಿಗೆ. ಸುಮೊದಲ್ಲಿ ಆರು ದರ್ಜೆ. ಮೇಲೆ ಮಕುಉಚಿಯಲ್ಲಿ 42 ಜನ, ಜೂರ್ಯೊದಲ್ಲಿ 28. ಈ 70 ಜನಕ್ಕೆ ಮಾತ್ರ ತಿಂಗಳ ಸಂಬಳ. ಕೆಳಗೆ ಮಕುಶಿತಾ, ಸಾಂದಾನ್‌ಮೆ, ಜೊನಿದಾನ್, ಜೊನೊಕುಚಿ. ಹನಕಾಜೆ ಸಾಂದಾನ್‌ಮೆ ದಾಟಲಿಲ್ಲ.

ದಾಟುವುದು ಏಕೆ ಕಷ್ಟ ಎಂಬುದು ಜೋಡಿ ಕಟ್ಟುವ ರೀತಿಯಲ್ಲೇ ಇದೆ. ವರ್ಷಕ್ಕೆ ಆರು ಪಂದ್ಯಾವಳಿ, ಒಂದೊಂದೂ 15 ದಿನ. ಮೇಲಿನವರು ದಿನವೂ ಆಡಬೇಕು. ಕೆಳಗಿನವರಿಗೆ ಹೆಚ್ಚುಕಡಿಮೆ ದಿನ ಬಿಟ್ಟು ದಿನ, ಒಟ್ಟು ಏಳು ಕುಸ್ತಿ. ಎರಡು ಗೆದ್ದವನಿಗೆ ಎರಡು ಗೆದ್ದವನನ್ನೇ ಎದುರು ನಿಲ್ಲಿಸುತ್ತಾರೆ. ನಾಲ್ಕು ಗೆದ್ದರೆ ಪಟ್ಟಿಯಲ್ಲಿ ಮೇಲೆ, ನಾಲ್ಕು ಸೋತರೆ ಕೆಳಗೆ. ಮೇಲೆ ಹೋದಂತೆ ಎದುರಾಳಿಯೂ ಗಟ್ಟಿ, ಮತ್ತೆ ಇಳಿತ. ಹೀಗೆ ಪ್ರತಿಯೊಬ್ಬನೂ ತನ್ನ ಶಕ್ತಿಯ ಮಟ್ಟಕ್ಕೇ ಬಂದು ನಿಲ್ಲುತ್ತಾನೆ. ವರ್ಷಗಟ್ಟಲೆ ಒಂದೇ ದರ್ಜೆಯಲ್ಲಿ ಇರುವವನು ಸುಮ್ಮನೆ ಕೂತಿಲ್ಲ ಅಪ್ಪಾಜಿ. ಹೊಸದಾಗಿ ಬರುವ ಹುಡುಗರನ್ನು ತಡೆದುಕೊಂಡು ಅಲ್ಲೇ ನಿಂತಿದ್ದಾನೆ. ಅದು ದೊಡ್ಡ ಕೆಲಸವೆಂದೇ ನನ್ನ ಎಣಿಕೆ.

ದುಡ್ಡಿನ ಲೆಕ್ಕ ಕೇಳಿದ್ದಿರಿ. 2019ರಲ್ಲಿ ಏರಿಸಿದ ದರದ ಪ್ರಕಾರ ಜೂರ್ಯೊದವನಿಗೆ ತಿಂಗಳಿಗೆ 11 ಲಕ್ಷ ಯೆನ್. ಅದರ ಕೆಳಗಿನ ಮಕುಶಿತಾದವನಿಗೆ ಸಂಬಳವೇ ಇಲ್ಲ, ಎರಡು ತಿಂಗಳಿಗೊಂದು ಪಂದ್ಯಾವಳಿಗೆ 1,65,000 ಯೆನ್ ಭತ್ಯೆ. ಸಾಂದಾನ್‌ಮೆಗೆ 1,10,000, ಜೊನಿದಾನ್‌ಗೆ 88,000, ಜೊನೊಕುಚಿಗೆ 77,000. ಊಟ, ವಸತಿ ಗರಡಿಯದು. ಅದಿಲ್ಲದಿದ್ದರೆ ಟೋಕಿಯೊದಲ್ಲಿ ಈ ದುಡ್ಡಿಗೆ ಬದುಕು ನಡೆಯದು.

ಮೆಟ್ಟಿಲು ಯಾವುದೆಂದು ಕಾಲು ನೋಡಿದರೇ ಗೊತ್ತಾಗುತ್ತದೆ. ಜೊನಿದಾನ್‌ವರೆಗಿನವರಿಗೆ ಚಳಿಗಾಲದಲ್ಲೂ ತೆಳು ಹತ್ತಿಯ ಯುಕತಾ ನಿಲುವಂಗಿ, ಮರದ ಗೆತಾ ಪಾದುಕೆ. ಸಾಂದಾನ್‌ಮೆ ಸೇರಿದರೆ ಸೆತ್ತಾ ಚಪ್ಪಲಿ ಮೆಟ್ಟಬಹುದು. ಮೇಲಂಗಿ, ಕುತ್ತಿಗೆಗೆ ಮಫ್ಲರ್ ಸಿಗುವುದು ಮಕುಶಿತಾದಲ್ಲಿ. ದರ್ಜೆ ಇಳಿದರೆ ಚಪ್ಪಲಿಯೂ ಹೋಗುತ್ತದೆ. ನಲವತ್ತು ದಾಟಿದವನು ಜೊನಿದಾನ್‌ಗೆ ಇಳಿದು ಮತ್ತೆ ಗೆತಾ ಹಾಕಿಕೊಳ್ಳುವುದೆಂದರೆ ಏನು ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಅಭ್ಯಾಸ ಶುರುವಾಗುವುದು ಬೆಳಗಿನ ಜಾವ, ಕೆಳಗಿನ ದರ್ಜೆಯವರಿಂದ, ಖಾಲಿ ಹೊಟ್ಟೆಯಲ್ಲಿ. ಕಾಲೆತ್ತಿ ನೆಲಕ್ಕೆ ಬಡಿಯುವ ಶಿಕೊ, ಪಾದ ಎತ್ತದೆ ಜಾರಿಸಿಕೊಂಡು ಹೋಗುವ ಸುರಿಯಾಶಿ, ಕಂಬಕ್ಕೆ ಅಂಗೈ ಹೊಡೆಯುವ ತೆಪ್ಪೊ, ಆಮೇಲೆ ಕುಸ್ತಿ. ಕೊನೆಗೆ ಬುತ್ಸುಕಾರಿ: ಒಬ್ಬ ಎದೆ ಕೊಡುತ್ತಾನೆ, ಇನ್ನೊಬ್ಬ ಅವನನ್ನು ಕಣದ ಅಂಚಿನವರೆಗೆ ನೂಕಬೇಕು. ನಮ್ಮ ಮಟ್ಟಿ ಅಗೆದು ಸಡಿಲ ಮಾಡಿದ ಮೆತ್ತನೆಯ ಮಣ್ಣು. ಇಲ್ಲಿನ ದೊಹ್ಯೊ ಬಡಿದು ಗಟ್ಟಿ ಮಾಡಿದ ಜೇಡಿ, ಮೇಲೆ ತೆಳು ಮರಳು. ಪಂದ್ಯದ ಕಣವಂತೂ ಜಗಲಿಯಷ್ಟು ಎತ್ತರ, ಬಿದ್ದರೆ ಕೆಳಕ್ಕೇ ಬೀಳಬೇಕು. ಪಾದ ನೆಲದಲ್ಲೇ ಉಳಿದು ಮೈ ತಿರುಗಿತೋ, ಮೊದಲು ಹೋಗುವುದು ಮಂಡಿ.

ಪೆಟ್ಟಾದಾಗಲೇ ನಿಜವಾದ ಕಷ್ಟ. ಹಿಂದೆ, ಪಂದ್ಯದಲ್ಲಿ ಪೆಟ್ಟಾದವನು ಮುಂದಿನ ಪಂದ್ಯಾವಳಿ ಬಿಟ್ಟರೂ ಸ್ಥಾನ ಉಳಿಯುವ ಸೌಲಭ್ಯವಿತ್ತು. 2004ರಿಂದ ಅದನ್ನು ತೆಗೆದರು. ಈಗ ಗೈರುಹಾಜರಿಯೂ ಸೋಲೇ. ಪೂರ್ತಿ ತಪ್ಪಿಸುತ್ತ ಹೋದರೆ ಹೆಸರೇ ಪಟ್ಟಿಯಿಂದ ಬಿದ್ದುಹೋಗುತ್ತದೆ. ಹಾಗಾಗಿ ತೀರಾ ಕೆಳಗಿಳಿದವರು ಮಂಡಿಗೆ ಬಿಗಿಯಾಗಿ ಪಟ್ಟಿ ಸುತ್ತಿಕೊಂಡು, ಪಂದ್ಯಾವಳಿಯಲ್ಲಿ ಒಂದೇ ಒಂದು ಕುಸ್ತಿ ಆಡಿ ಹೆಸರು ಉಳಿಸಿಕೊಳ್ಳುತ್ತಾರೆ. ಬೇರೆಯವರು ಇದನ್ನು ನೆಪ ಅಂದಾರು. ಇದ್ದ ನಿಯಮದೊಳಗೆ ವಾಸಿಯಾಗಲು ಅವರಿಗೆ ಬೇರೆ ದಾರಿ ಏನಿದೆ?

ವರ್ಷಕ್ಕೆ 42 ಕುಸ್ತಿ, ಬಹುಪಾಲು ಕೆಲವೇ ಸೆಕೆಂಡುಗಳಲ್ಲಿ ಮುಗಿಯುವಂಥವು. ಉಳಿದ ಬದುಕೆಲ್ಲ ಗರಡಿಯ ಕೆಲಸ. ಜೂರ್ಯೊ ಮತ್ತು ಮೇಲಿನವರಿಗೆ ಇವರೇ ತ್ಸುಕೆಬಿತೊ, ಅಂದರೆ ಪರಿಚಾರಕರು. ಸೊಂಟದ ಮವಾಶಿ ಕಟ್ಟುವುದು, ಬೆನ್ನು ತಿಕ್ಕುವುದು, ಸಾಮಾನು ಹೊರುವುದು. ಚಾಂಕೊ ಬೇಯಿಸುವುದೂ ಇವರೇ. ಕೋಳಿ ಮೂಳೆಯ ಸಾರು ಗಂಟೆಗಟ್ಟಲೆ ಕುದಿಸಿ ಮಾಂಸ, ತೋಫು, ಎಲೆಕೋಸು, ಮೂಲಂಗಿ ಹಾಕುತ್ತಾರೆ. ಕೋಳಿ ಎರಡೇ ಕಾಲಲ್ಲಿ ನಿಲ್ಲುತ್ತದೆ, ಸುಮೊದಲ್ಲಿ ಸೋತವನಂತೆ ಕೈ ನೆಲಕ್ಕೆ ಊರುವುದಿಲ್ಲ ಎಂದು ಶುಭ. ಮೇಲಿನವರು ಉಂಡ ಮೇಲೆ ಇವರ ಸರದಿ. ಇಷ್ಟನ್ನೂ ಬಲ್ಲ ಹಳಬನೊಬ್ಬ ಇದ್ದರೆ ಗರಡಿಗೆ ಎಷ್ಟು ಆಧಾರ ಎಂದು ನೀವೇ ಊಹಿಸಿ.

ತಕಸಾಗೊ ಗರಡಿಯ ಇಚಿನೊಯಾ ಹೀಗೆಯೇ. ರ್ಯುಕ್ಯು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿ 1983ರಲ್ಲಿ ಕಣಕ್ಕೆ ಬಂದವರು. ಅವರೂ ಸಾಂದಾನ್‌ಮೆ ದಾಟಲಿಲ್ಲ. 2007ರಲ್ಲಿ, 46ನೇ ವಯಸ್ಸಿಗೆ ನಿವೃತ್ತರಾಗಿ ಅದೇ ಗರಡಿಯ ವ್ಯವಸ್ಥಾಪಕರಾಗಿ ಉಳಿದರು. ಎಲ್ಲರಿಗೂ ಹಾಗೆ ಒದಗುವುದಿಲ್ಲ. ಗುರುವಿನ ಸ್ಥಾನ ಮೇಲಿನೆರಡು ದರ್ಜೆಗಳಲ್ಲಿ ಸಾಕಷ್ಟು ಆಡಿದವರಿಗೆ ಮಾತ್ರ. ಕೆಳಗಿನವರು ನಿವೃತ್ತರಾಗುವಾಗ ಜುಟ್ಟು ಕತ್ತರಿಸುವ ಶಾಸ್ತ್ರಕ್ಕೆ ಕೊಕುಗಿಕಾನ್ ಕ್ರೀಡಾಂಗಣ ಸಿಗುವುದಿಲ್ಲ. ಗರಡಿಯಲ್ಲೋ ಚಿಕ್ಕ ಸಮಾರಂಭದಲ್ಲೋ ಬಂದವರೆಲ್ಲ ಒಂದೊಂದು ಕತ್ತರಿ ಆಡಿಸಿ, ಕೊನೆಯದನ್ನು ಗುರು ಹಾಕುತ್ತಾರೆ.

ನೀವು ಬರುವುದಾದರೆ ಜನವರಿ, ಮೇ ಅಥವಾ ಸೆಪ್ಟೆಂಬರ್ ನೋಡಿ. ಆಗ ಪಂದ್ಯ ಟೋಕಿಯೊದಲ್ಲೇ. ಬೆಳಗ್ಗೆ ಎಂಟೂವರೆಗೆಲ್ಲ ಹೋಗಿಬಿಡೋಣ. ಕುರ್ಚಿಗಳೆಲ್ಲ ಖಾಲಿ ಇರುತ್ತವೆ, ಕಪ್ಪು ಹತ್ತಿ ಮವಾಶಿ ಕಟ್ಟಿದ ಹಳಬರು ಕುಸ್ತಿ ಶುರುವಾಗುವ ಮುನ್ನ ಹುಡುಗರ ಎದುರು ಕೈ ಊರಿ ಕೂರುವುದನ್ನು ಹತ್ತಿರದಿಂದಲೇ ನೋಡಬಹುದು.

ಅಮ್ಮನಿಗೂ ಅಜ್ಜಿಗೂ ನನ್ನ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಮಗ