ವಂದನಾರ್ಪಣೆಯಲ್ಲಿ ಹೇಳಲಾಗದೆ ಉಳಿದದ್ದು

ಸಮಾರೋಪದ ವಂದನಾರ್ಪಣೆ ಹೇಗಿರುತ್ತದೆಂಬುದು ವಿಶ್ವವಿದ್ಯಾಲಯದಲ್ಲಿ ಓದಿದ ಯಾರಿಗೂ ಹೊಸತಲ್ಲ. ವಂದಿಸುವವರು ಮೈಕಿನ ಮುಂದೆ ಬಂದು ನಿಲ್ಲುವಷ್ಟರಲ್ಲಿ ಅರ್ಧ ಸಭೆ ಎದ್ದಿರುತ್ತದೆ, ಆಹ್ವಾನ ಪತ್ರಿಕೆಯಲ್ಲಿ ಅಚ್ಚಾದ ಹೆಸರುಗಳೇ ಅದೇ ಅನುಕ್ರಮದಲ್ಲಿ ಮತ್ತೊಮ್ಮೆ ಕೇಳಿಬರುತ್ತವೆ, ಉಳಿದವರೆಲ್ಲ ‘ಪ್ರತ್ಯಕ್ಷವಾಗಿ ಹಾಗೂ ಪರೋಕ್ಷವಾಗಿ ಸಹಕರಿಸಿದವರು’ ಎಂಬಲ್ಲಿಗೆ ಸೇರಿಹೋಗುತ್ತಾರೆ. ಹಾಗೆ ಸೇರಿಹೋದವರಲ್ಲಿ ಒಬ್ಬರ ಬಗ್ಗೆ ವಿವರವಾಗಿ, ಇತರರ ಬಗ್ಗೆ ಸಂಕ್ಷೇಪವಾಗಿ ಬರೆಯದೆ ನಮ್ಮ ವಿಶ್ವವಿದ್ಯಾಲಯದ ಈ ವರ್ಷದ ಉತ್ಸವ ಹಾಗೂ ವಿಚಾರ ಸಂಕಿರಣದ ಸಂಚಾಲಕತ್ವವನ್ನು ಬಿಟ್ಟುಕೊಡಲು ಮನಸ್ಸು ಒಪ್ಪುತ್ತಿಲ್ಲ.

ಉತ್ಸವದ ಹಿಂದಿನ ಸಂಜೆಯ ಮಳೆಯಿಂದ ಬಯಲು ರಂಗಮಂದಿರ ಬಳಸಲಾಗದಂತಾಯಿತು, ಅದೇ ವಾರ ನನ್ನ ಸಹಸಂಚಾಲಕಿ ಆಸ್ಪತ್ರೆ ಸೇರಬೇಕಾಗಿ ಬಂತು; ಅದನ್ನೆಲ್ಲ ಇಲ್ಲಿ ಬಿಡಿಸಿ ಹೇಳುವುದಿಲ್ಲ. ಬೆಳಗಿನ ವಿಚಾರ ಸಂಕಿರಣವೂ ಸಂಜೆಯ ನೃತ್ಯ, ನಾಟಕಗಳೂ ಒಂದೇ ಸಭಾಂಗಣದಲ್ಲಿ ನಡೆಯಬೇಕೆಂದು ತೀರ್ಮಾನವಾದ ಆ ರಾತ್ರಿ ಕೊನೆಯವರೆಗೆ ಅಲ್ಲಿ ಉಳಿದವರು ಕ್ಯಾಂಪಸ್ಸಿನ ವಿದ್ಯುತ್ ವಿಭಾಗದ ಹಿರಿಯ ತಂತ್ರಜ್ಞರೊಬ್ಬರು. ಅವರ ಪಾಳಿ ಸಂಜೆಗೇ ಮುಗಿದಿತ್ತು. ಹೆಸರು ಹಾಕಬೇಡಿ ಎಂದು ಅವರೇ ಕೇಳಿಕೊಂಡದ್ದರಿಂದ ಇಲ್ಲಿ ಹಾಕುತ್ತಿಲ್ಲ.

ಅವರು ಬಂದವರೇ ಕೊನೆಯ ಸಾಲಿನಲ್ಲಿ ಕುಳಿತು, ವೇದಿಕೆಯ ಮೇಲೆ ನಿಂತು ಏನನ್ನಾದರೂ ಓದುತ್ತಿರಿ ಎಂದರು. ಕೈಗೆ ಸಿಕ್ಕ, ಸಂಕಿರಣದ ಪ್ರಬಂಧಗಳ ಸಾರಲೇಖಗಳ ಪುಸ್ತಿಕೆಯನ್ನೇ ಓದತೊಡಗಿದೆ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ವೇದಿಕೆಯ ಸ್ಪೀಕರಿನಿಂದ ಹೊರಟ ಮಾತು 34 ಮೀಟರ್ ಹಿಂದೆ ಕುಳಿತವರನ್ನು ತಲುಪಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕಾಗುತ್ತದೆ, ಅಷ್ಟರೊಳಗೆ ಅವರ ಪಕ್ಕದ ಸ್ಪೀಕರು ಅದೇ ಮಾತನ್ನು ಆಡಿಬಿಟ್ಟಿದ್ದರೆ ಎರಡೂ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಆದ್ದರಿಂದ ಹಿಂಬದಿಯ ಸ್ಪೀಕರುಗಳನ್ನು ಲೆಕ್ಕ ಹಾಕಿ ಅಷ್ಟು ತಡಮಾಡಿಸಬೇಕು. ಈ ವೇಗವನ್ನು ಶಾಲೆಯಲ್ಲೇ ಬಾಯಿಪಾಠ ಮಾಡಿದ್ದೆ. ಅದನ್ನು ಒಬ್ಬ ಕೇಳುಗನ ಅನುಕೂಲಕ್ಕಾಗಿ ಬಳಸುವವರನ್ನು ನೋಡಿದ್ದು ಅದೇ ಮೊದಲು. ಖಾಲಿ ಸಭಾಂಗಣ ಅನುರಣಿಸುವುದನ್ನು ಕೇಳಿ ನಾನು ಗಾಬರಿಯಾದಾಗ, ಜನ ಬಂದು ಕುಳಿತರೆ ಅವರ ಮೈ, ಬಟ್ಟೆಗಳೇ ಸದ್ದನ್ನು ಹೀರಿಕೊಳ್ಳುತ್ತವೆ, ಚಿಂತೆ ಬೇಡ ಎಂದರು.

ದೀಪಗಳನ್ನು ಮಂದಗೊಳಿಸುವ ಡಿಮ್ಮರ್‌ಗಳ ಸಾಲಿನಿಂದಲೇ ಧ್ವನಿ ಉಪಕರಣಗಳಿಗೂ ವಿದ್ಯುತ್ ಕೊಟ್ಟರೆ ಸ್ಪೀಕರಿನಲ್ಲಿ ಗುಂಯ್‌ಗುಡುವ ಸದ್ದು ಸೇರಿಕೊಳ್ಳುವುದುಂಟು. ಅದಕ್ಕಾಗಿ ಅವರು ಎರಡನ್ನೂ ಬೇರ್ಪಡಿಸಿ ತಂತಿ ಎಳೆದರು. ಸಂಜ್ಞಾಭಾಷೆಯ ಅನುವಾದಕಿ ಎಲ್ಲಿ ನಿಲ್ಲುತ್ತಾರೆಂದು ವಿಚಾರಿಸಿದವರೂ ಅವರೇ. ನಾಟಕದಲ್ಲಿ ವೇದಿಕೆ ಕತ್ತಲಾದಾಗಲೂ ಆಕೆಯ ಮುಖ ಮತ್ತು ಕೈಗಳ ಮೇಲೆ ಬೆಳಕು ಇರಲೇಬೇಕು, ಇಲ್ಲದಿದ್ದರೆ ಕಿವಿ ಕೇಳದವರ ಪಾಲಿಗೆ ಆ ದೃಶ್ಯದ ಮಾತೇ ನಿಂತುಹೋಗುತ್ತದೆ ಎಂದು ಹೇಳಿ, ಒಂದು ದೀಪವನ್ನು ಅದಕ್ಕೇ ಮೀಸಲಿಟ್ಟರು. ನಮ್ಮ ಸಭೆಗಳಲ್ಲಿ ಮೊದಲ ಸಾಲಿನ ಕುರ್ಚಿಗಳಲ್ಲಿ ಯಾರು ಕೂರಬೇಕೆಂಬ ಚರ್ಚೆಗೆ ಸಿಕ್ಕಷ್ಟು ಸಮಯ ಈ ವಿಷಯಕ್ಕೆ ಸಿಕ್ಕಿರಲಿಲ್ಲ.

ನಡುರಾತ್ರಿ ದಾಟಿದ ಮೇಲೆ ಆಸ್ಪತ್ರೆಯಿಂದ ಫೋನ್ ಬಂತು. ಆಗ ನನಗೆ ಉತ್ಸವವೂ ಬೇಕಾಗಿರಲಿಲ್ಲ, ಸಂಕಿರಣವೂ ಬೇಕಾಗಿರಲಿಲ್ಲ. ಅವಳು ಬದುಕಬೇಕಾಗಿತ್ತು, ಅಷ್ಟೇ. ವೇದಿಕೆಯ ಮೆಟ್ಟಿಲ ಮೇಲೆ ಕುಳಿತು ನಾಚಿಕೆಯಿಲ್ಲದೆ ಅತ್ತೆ. ಅವರು ಸಮಾಧಾನದ ಮಾತಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, “ನೀವು ಅಲ್ಲಿಗೆ ಹೋಗಿ. ಇಲ್ಲಿ ನಾನಿರುತ್ತೇನೆ” ಎಂದರು. ಹೋದೆ. ಅಪಾಯ ಕಳೆಯಿತೆಂದು ವೈದ್ಯರು ಹೇಳಿದ ಮೇಲೆ, ಬೆಳಕು ಹರಿಯುವ ಹೊತ್ತಿಗೆ ಮರಳಿ ಬಂದು ನೋಡಿದರೆ ಕೇಬಲ್‌ಗಳೆಲ್ಲ ಕಾಲಿಗೆ ತೊಡರದಂತೆ ನೆಲಕ್ಕೆ ಅಂಟಿಸಲ್ಪಟ್ಟಿದ್ದವು, ಪ್ರತಿಯೊಂದು ಮೈಕಿನ ಮೇಲೂ ಸಂಖ್ಯೆ ಬರೆದ ಚೀಟಿ ಇತ್ತು. ಅವಳು ಹೇಗಿದ್ದಾಳೆಂದು ಕೇಳಿ, ಉತ್ತರ ಕೇಳಿಸಿಕೊಂಡು, ಮನೆಗೆ ಹೋಗಿ ಸ್ನಾನ ಮಾಡಿ, ಉದ್ಘಾಟನೆಗೆ ಮುಂಚೆ ಮತ್ತೆ ಬಂದು ಕೊನೆಯ ಸಾಲಿನಲ್ಲಿ ಕುಳಿತರು.

ಒದ್ದೆಯಾದ ಫಲಕಗಳನ್ನು ಬಿಟ್ಟು, 841 × 1189 ಮಿಲಿಮೀಟರ್ ಅಳತೆಯ ಅಷ್ಟೂ ಪೋಸ್ಟರ್‌ಗಳನ್ನು ಗ್ರಂಥಾಲಯದ ಪಡಸಾಲೆಯಲ್ಲಿ ಒಂದೂ ಮಡಿಕೆ ಬೀಳದಂತೆ ತೂಗುಹಾಕಿದ ಸ್ವಯಂಸೇವಕರಿಗೆ, ಅಲ್ಲಿ ಜಾಗ ಕೊಟ್ಟ ಗ್ರಂಥಪಾಲಕರಿಗೆ, ಚಿಕ್ಕ ವೇದಿಕೆಗೆ ತಕ್ಕಂತೆ ರಾತ್ರೋರಾತ್ರಿ ಚಲನೆಗಳನ್ನು ಬದಲಿಸಿಕೊಂಡ ನಾಟಕ ತಂಡಕ್ಕೆ, ಸಾರಲೇಖಗಳನ್ನು ಬರೆದವರ ಹೆಸರು ಮುಚ್ಚಿಯೇ ಪರಿಶೀಲಿಸಿಕೊಟ್ಟ ಸಂಶೋಧನಾರ್ಥಿಗಳಿಗೆ ನಾನು ಋಣಿ. ಗೋಷ್ಠಿಗಳ ಅಧ್ಯಕ್ಷತೆ ವಹಿಸಿದ ಅಧ್ಯಾಪಕರು ಗಡಿಯಾರಕ್ಕೆ ತೋರಿದ ಗೌರವವನ್ನೂ ನೆನೆಯಬೇಕು. ಮಧ್ಯಯುಗದಲ್ಲಿ ಇಟಲಿಯ ಬೊಲೊನ್ಯಾ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿ ಸಂಘಗಳೇ ಅಧ್ಯಾಪಕರನ್ನು ನೇಮಿಸಿಕೊಂಡು, ತಡವಾಗಿ ಪಾಠ ಆರಂಭಿಸಿದವರಿಗೆ ದಂಡ ವಿಧಿಸುತ್ತಿದ್ದವಂತೆ; ನಮಗೆ ಆ ಅಧಿಕಾರ ಇದ್ದಿದ್ದರೂ ಈ ಬಾರಿ ಬಳಸುವ ಪ್ರಸಂಗ ಬರುತ್ತಿರಲಿಲ್ಲ.

ಸಹಸಂಚಾಲಕಿ ಈಗ ಮನೆಯಲ್ಲಿದ್ದಾಳೆ, ಚೇತರಿಸಿಕೊಳ್ಳುತ್ತಿದ್ದಾಳೆ, ಖರ್ಚಿನ ಪಟ್ಟಿಯಲ್ಲಿ ಆಗಲೇ ತಪ್ಪು ಹುಡುಕುತ್ತಿದ್ದಾಳೆ. ತಂತ್ರಜ್ಞರು ಆ ರಾತ್ರಿ ಮಾಡಿದ ಜೋಡಣೆಯ ನಕ್ಷೆಯನ್ನು ಅವರ ಒಪ್ಪಿಗೆ ಪಡೆದು ಮುಂದಿನ ಸಮಿತಿಯ ಕಡತಕ್ಕೆ ಸೇರಿಸಿದ್ದೇನೆ. ಸಭಾಂಗಣ ಕಾಯ್ದಿರಿಸುವ ದಿನವೇ ವಿದ್ಯುತ್ ವಿಭಾಗದವರನ್ನು ಕರೆದು ಕೂರಿಸಿಕೊಂಡು ಮಾತಾಡಿ ಎಂದು ಅದರ ಮೇಲೆಯೇ ಬರೆದಿಟ್ಟಿದ್ದೇನೆ. ಪ್ರಬಂಧ ಮಂಡಿಸಿಯೂ ಪ್ರಮಾಣಪತ್ರ ಪಡೆಯದವರು ವಿಭಾಗದ ಕಚೇರಿಯಲ್ಲಿ ಸಹಿ ಹಾಕಿ ತೆಗೆದುಕೊಳ್ಳಬಹುದು.