ಹೆದ್ದಾರಿಯಲ್ಲಿ ಮದ್ದೂರು ವಡೆಗೂ ಜಾಗವಿರಲಿ

ಮಾನ್ಯ ಸಂಪಾದಕರೇ,

ಪಿಜ್ಜಾ, ಬರ್ಗರ್‌ಗಳಿಂದ ನಮ್ಮ ಆಹಾರ ಸಂಸ್ಕೃತಿ ಹಾಳಾಯಿತೆಂಬ ಮಾತು ಬಂದಾಗಲೆಲ್ಲ ಎಳೆಯರ ನಾಲಿಗೆಚಪಲವನ್ನು ದೂರಿ ಚರ್ಚೆ ಮುಗಿಸುವುದು ರೂಢಿಯಾಗಿದೆ. 1996ರ ಜನವರಿಯಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘದ ಕಾರ್ಯಕರ್ತರು ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕರಿದ ಕೋಳಿ ಮಾರುವ ಕೆಎಫ್‌ಸಿ ಮಳಿಗೆಗೆ ನುಗ್ಗಿದ್ದನ್ನೂ ಅನೇಕರು ಸಂಸ್ಕೃತಿ ರಕ್ಷಣೆಯ ಗಲಾಟೆಯೆಂದೇ ನೆನಪಿಟ್ಟುಕೊಂಡಿದ್ದಾರೆ. ಆ ದಾಂದಲೆಯನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಜನರ ಅನ್ನ ಬೆಳೆಯುವ ಭೂಮಿ ಕೋಳಿಯ ಮೇವು ಬೆಳೆಯಲು ಹೋಗುತ್ತದೆಂಬ ಅವರ ಆತಂಕ ಹೊಲಕ್ಕೆ ಸಂಬಂಧಿಸಿದ್ದೇ ಹೊರತು ಬರೀ ತಟ್ಟೆಗೆ ಸಂಬಂಧಿಸಿದ್ದಾಗಿರಲಿಲ್ಲ.

ಅದೇ ವರ್ಷ ದೆಹಲಿಯಲ್ಲಿ ಬಾಗಿಲು ತೆರೆದ ಮೆಕ್‌ಡೊನಾಲ್ಡ್ಸ್ ದನದ ಮಾಂಸವನ್ನು ಕೈಬಿಟ್ಟಿತು. ಮುಂದೆ ಬನ್ನಿನೊಳಗೆ ಆಲೂ ಟಿಕ್ಕಿಯೂ ಬಂತು. ಇದನ್ನು ನಮ್ಮ ರುಚಿಯ ಗೆಲುವೆಂದು ಬಣ್ಣಿಸುವವರಿದ್ದಾರೆ. ನನಗೆ ಅಷ್ಟು ಸಮಾಧಾನವಿಲ್ಲ. ಬನ್ನಿನ ನಡುವಿನ ಪಲ್ಯ ನಮ್ಮದಾದರೂ, ಪಕ್ಕದಲ್ಲಿಡುವ ಫ್ರೆಂಚ್ ಫ್ರೈಸ್‌ಗೆ ಉದ್ದನೆಯ, ನೀರು ಮತ್ತು ಸಕ್ಕರೆಯ ಅಂಶ ಕಡಿಮೆಯಿರುವ ಗೆಡ್ಡೆಯೇ ಬೇಕು. ಅದಕ್ಕಾಗಿ ಗುಜರಾತಿನ ರೈತರಿಂದ ಒಪ್ಪಂದದ ಮೇಲೆ ವಿದೇಶಿ ತಳಿಗಳನ್ನು ಬೆಳೆಸಿ, ಮೆಹ್ಸಾಣದ ಕಾರ್ಖಾನೆಯಲ್ಲಿ ಹೆಚ್ಚಿ, ಹೆಪ್ಪುಗಟ್ಟಿಸಿ ದೂರದೂರಕ್ಕೆ ಸಾಗಿಸಲಾಗುತ್ತದೆ. ಹಾಸನದ ರೈತ ಮಳೆ ನಂಬಿ ಬೆಳೆದ, ಅಂಗಮಾರಿ ರೋಗದಿಂದ ಹೇಗೋ ಉಳಿಸಿಕೊಂಡ ಆಲೂಗಡ್ಡೆಗೆ ಆ ಏರ್ಪಾಟಿನಲ್ಲಿ ಜಾಗ ಸಿಗುವುದು ಕಷ್ಟ.

ಹಾಗೆಂದು ಬೇಗ ಸಿಗುವ ತಿಂಡಿಯನ್ನೇ ಹಳಿಯಬೇಕಾಗಿಲ್ಲ. ಮದ್ದೂರು ವಡೆ ಹೆಸರು ಮಾಡಿದ್ದೇ ರೈಲು ನಿಂತ ಕೆಲವು ನಿಮಿಷಗಳ ವ್ಯಾಪಾರದಿಂದ. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಶುರುವಾದ ದರ್ಶಿನಿಗಳಲ್ಲಿ ಟೋಕನ್ ಕೊಟ್ಟು ನಿಂತುಕೊಂಡೇ ತಿನ್ನುವ ಪದ್ಧತಿಗೆ ಈಗ ಯಾರೂ ಮೂಗು ಮುರಿಯುವುದಿಲ್ಲ. ಭಟ್ಟರು ಕಾದ ಕಾವಲಿಗೆ ನೀರು ಚಿಮುಕಿಸಿ, ಕಡ್ಡಿ ಪೊರಕೆಯಿಂದ ಗುಡಿಸಿ, ಒಂದೇ ಸಲಕ್ಕೆ ಹತ್ತಾರು ದೋಸೆ ಹುಯ್ಯುವ ವೇಗ ಯಾವ ಬರ್ಗರ್ ಅಂಗಡಿಗೂ ಕಡಿಮೆಯದಲ್ಲ. ವ್ಯತ್ಯಾಸವೆಂದರೆ ಹಿಟ್ಟಿನ ಹದ, ಚಟ್ನಿಯ ಖಾರ, ತರಕಾರಿ ಯಾವ ಮಂಡಿಯಿಂದ ಬರಬೇಕೆಂಬುದು ಆ ಅಡುಗೆಮನೆಯಲ್ಲೇ ತೀರ್ಮಾನವಾಗುತ್ತದೆ, ದೂರದ ಕಚೇರಿಯಲ್ಲಲ್ಲ.

ಅಂಥ ಅಡುಗೆಮನೆಗಳಿಗೆ ಈಗ ಪೆಟ್ಟು ಬೀಳುತ್ತಿರುವುದು ಜಾಗದ ವಿಷಯದಲ್ಲಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳ ಒಳಗೆ ಹೋಗದೆ ಹೊರಗಿನಿಂದಲೇ ಸಾಗುವುದರಿಂದ ಹಳೆಯ ರಸ್ತೆಯ ಹೋಟೆಲುಗಳ ವ್ಯಾಪಾರ ಕುಸಿದಿದೆ. ಪ್ರಯಾಣಿಕರಿಗೆ ವಡೆ ಬೇಡವಾಗಿಲ್ಲ, ವಡೆಯ ಅಂಗಡಿಯ ಮುಂದೆ ಅವರ ಗಾಡಿ ನಿಲ್ಲುತ್ತಿಲ್ಲ, ಅಷ್ಟೇ. ಹೆದ್ದಾರಿ ಬದಿಯ ವಿಶ್ರಾಂತಿ ತಾಣಗಳ ಮಳಿಗೆಗಳನ್ನು ಹೆಚ್ಚು ಬಾಡಿಗೆ ಕೂಗಿದವರಿಗೇ ಕೊಡುವುದಾದರೆ ಅಲ್ಲಿ ಉಳಿಯುವವರು ದೊಡ್ಡ ಸರಪಳಿ ಕಂಪನಿಗಳು ಮಾತ್ರ. ಆದ್ದರಿಂದ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ ಮತ್ತು ರಾಜ್ಯ ಸರ್ಕಾರ ಇಂಥ ತಾಣಗಳಲ್ಲಿ ಕೆಲವು ಮಳಿಗೆಗಳನ್ನು ಆಯಾ ತಾಲ್ಲೂಕಿನ ಸಣ್ಣ ಹೋಟೆಲಿನವರಿಗೆ ಮತ್ತು ಸ್ತ್ರೀಶಕ್ತಿ ಸಂಘಗಳಿಗೆ ಮೀಸಲಿಡಬೇಕು; ದೊಡ್ಡ ಮೊತ್ತದ ಮುಂಗಡ ಕಟ್ಟಲಾಗದ ಅವರಿಗೆ ವ್ಯಾಪಾರದ ಇಂತಿಷ್ಟು ಪಾಲೆಂದು ಬಾಡಿಗೆ ಗೊತ್ತುಪಡಿಸಬೇಕು. ಬಸ್ ನಿಲ್ದಾಣ ಮತ್ತು ಮೆಟ್ರೊ ನಿಲ್ದಾಣಗಳ ಮಳಿಗೆಗಳಿಗೂ ಇದೇ ನಿಯಮ ಅನ್ವಯಿಸಲಿ.

ಇತಿ,
ಮಂಡ್ಯದ ಓದುಗ