ಹಂಪಿ–ಐಹೊಳೆ: ಸೈಕಲ್‌ಗೆ ಹೊಸ ಪಥ ಬೇಡ, ಇರುವ ದಾರಿ ಸಾಕು

ಮಾನ್ಯ ಸಂಪಾದಕರೆ,

ಚಳಿಗಾಲ ಬಂತೆಂದರೆ ಹಂಪಿಯಿಂದ ಬಾದಾಮಿ, ಐಹೊಳೆಯತ್ತ ಚೀಲ ಕಟ್ಟಿಕೊಂಡು ಸೈಕಲ್ ತುಳಿಯುವವರು ಈಗೀಗ ಕಣ್ಣಿಗೆ ಬೀಳುತ್ತಾರೆ. ಫೋನಿನ ನಕ್ಷೆಯನ್ನು ನಂಬಿದವರು ಹೊಸಪೇಟೆಯಿಂದ ಕುಷ್ಟಗಿ, ಇಳಕಲ್ ಮೇಲೆ ಹಾಯುವ ಚತುಷ್ಪಥ ಹೆದ್ದಾರಿಗೆ ಬೀಳುತ್ತಾರೆ. ಅಲ್ಲಿ ನೆರಳಿಲ್ಲ, ಗುಡಿಯಿಲ್ಲ, ಕೆರೆಯಿಲ್ಲ. ಲಾರಿ ಮಾತ್ರ ಇವೆ. ಇನ್ನೊಂದೆಡೆ, ಪ್ರವಾಸೋದ್ಯಮದ ಮಾತು ಬಂದಾಗಲೆಲ್ಲ ಕೋಟಿಗಟ್ಟಲೆ ಸುರಿದು ಪ್ರತ್ಯೇಕ ಸೈಕಲ್ ಪಥ ಮಾಡಿ ಎಂಬ ಬೇಡಿಕೆ ಏಳುತ್ತದೆ. ಅದರ ಅಗತ್ಯವೇ ಇಲ್ಲ. ಬೆಟ್ಟ, ಕೆರೆ, ಗುಡಿ ಮೂರನ್ನೂ ಪೋಣಿಸುವ ಒಳದಾರಿ ಈಗಾಗಲೇ ಇದೆ. ಆ ದಾರಿಯ ವಿವರ ಮತ್ತು ಅದಕ್ಕೆ ಬೇಕಾದ ಸಣ್ಣಪುಟ್ಟ ಅನುಕೂಲಗಳನ್ನು ತಿಳಿಸಲು ಈ ಪತ್ರ.

ಹಂಪಿ ನೋಡಿ ಮುಗಿಸಿದ ಮೇಲೆ ಬುಕ್ಕಸಾಗರ–ಕಡೆಬಾಗಿಲು ಸೇತುವೆ ದಾಟಿ ಆನೆಗೊಂದಿಗೆ ಬರಬೇಕು. ಹರಿಗೋಲು, ದೋಣಿಗಳನ್ನು ನೆಚ್ಚಿಕೊಳ್ಳಬಾರದು. ತುಂಗಭದ್ರೆಗೆ ಅಣೆಕಟ್ಟೆಯಿಂದ ನೀರು ಬಿಟ್ಟ ದಿನ ಅವು ನಿಂತುಬಿಡುತ್ತವೆ. ಆನೆಗೊಂದಿಯಿಂದ ಸಣಾಪುರ ಕೆರೆಯ ಬದಿಯಲ್ಲಿ ಹುಲಿಗಿಗೆ ಹೋಗುವ ರಸ್ತೆ ಬಂಡೆಗುಡ್ಡ ಮತ್ತು ಗದ್ದೆಗಳ ನಡುವೆ ಸಾಗುತ್ತದೆ. ಇಡೀ ಪ್ರವಾಸದಲ್ಲಿ ಇದಕ್ಕಿಂತ ಚೆಂದದ ತುಳಿತ ಬಾದಾಮಿಯವರೆಗೆ ಸಿಗದು. ಆದರೆ ಈ ಗುಡ್ಡಗಳಲ್ಲಿ ಕರಡಿ, ಚಿರತೆ ಇವೆ. ಕತ್ತಲಾದ ಮೇಲೂ ನಸುಕಿನಲ್ಲೂ ಇಲ್ಲಿ ತುಳಿಯುವುದು ಬೇಡ. ಸಣಾಪುರದ್ದು ಎಡದಂಡೆ ಕಾಲುವೆಯ ಸಮತೋಲನ ಜಲಾಶಯ, ಆಳ ಹೆಚ್ಚು. ದಂಡೆಯಲ್ಲಿ ಕೂತು ನೋಡಿದರೆ ಸಾಕು.

ಹುಲಿಗಿಯ ನಂತರ ಗಿಣಿಗೇರಿಯಿಂದ ಕೊಪ್ಪಳದವರೆಗೆ ಸುಮಾರು 10 ಕಿ.ಮೀ. ಹೆದ್ದಾರಿ ತಪ್ಪಿದ್ದಲ್ಲ. ಉಕ್ಕಿನ ಕಾರ್ಖಾನೆಗಳ ಲಾರಿ ಓಡಾಟವಿರುವುದರಿಂದ ಅಂಚು ಹಿಡಿದು ಎಚ್ಚರದಿಂದ ದಾಟುವುದು ಲೇಸು. ಕೊಪ್ಪಳದಿಂದ ಕುಕನೂರು, ಅಲ್ಲಿನ ನವಲಿಂಗ ಗುಡಿ, ಮುಂದೆ ಇಟಗಿ. ಒಂದು ಎಚ್ಚರಿಕೆ: ಇಟಗಿ ಎರಡಿವೆ. 1112ರಲ್ಲಿ ಕಟ್ಟಿಸಿದ ಮಹಾದೇವ ದೇವಾಲಯ ಇರುವುದು ಕುಕನೂರಿನ ಹತ್ತಿರದ ಇಟಗಿಯಲ್ಲಿ. ಭೀಮಾಂಬಿಕೆಯ ಇಟಗಿ ಇರುವುದು ಗದಗ ಜಿಲ್ಲೆಯ ಸೂಡಿ ಕಡೆ. ಫೋನಿನಲ್ಲಿ ಬರೀ ‘ಇಟಗಿ’ ಎಂದು ಹುಡುಕಿ ತಪ್ಪು ಊರಿಗೆ ಹೊರಟರೆ ಅರ್ಧ ದಿನ ಹೋಯಿತು.

ಇಟಗಿಯಿಂದ ಲಕ್ಕುಂಡಿ. ಇಲ್ಲಿನ ಬ್ರಹ್ಮಜಿನಾಲಯ ಅತ್ತಿಮಬ್ಬೆ ಕಟ್ಟಿಸಿದ್ದು. ಬಾವಿಗಳಲ್ಲಿ ಮುಸುಕಿನ ಬಾವಿಯೊಂದನ್ನಾದರೂ ಬಿಡಬಾರದು. ಹೆಚ್ಚಿನವರು ಇಲ್ಲಿಂದ ಸೀದಾ ಗದಗಕ್ಕೆ ಹೋಗಿಬಿಡುತ್ತಾರೆ. ದಕ್ಷಿಣಕ್ಕೆ ತಿರುಗಿ ಡಂಬಳಕ್ಕೆ ಹೋಗಬೇಕು. ನಕ್ಷತ್ರಾಕಾರದ ತಳಪಾಯದ ದೊಡ್ಡಬಸಪ್ಪನ ಗುಡಿ, ವಿಶಾಲ ಕೆರೆ, ಹಿಂದೆ ಕಪ್ಪತಗುಡ್ಡ, ಮೂರೂ ಒಂದೇ ಕಡೆ ಸಿಗುತ್ತವೆ. ಡಂಬಳದಿಂದ ಗದಗ ಸುಮಾರು 20 ಕಿ.ಮೀ. ಪಕ್ಷಿ ನೋಡುವ ಹವ್ಯಾಸವಿದ್ದವರು ಗದಗದಲ್ಲಿ ಒಂದು ದಿನ ಹೆಚ್ಚಿಗೆ ಉಳಿದು ಮಾಗಡಿ ಕೆರೆಗೆ ಹೋಗಿಬರಬಹುದು. 2024ರಲ್ಲಿ ರಾಮ್ಸಾರ್ ಪಟ್ಟಿಗೆ (ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿ) ಸೇರಿದ ಈ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ.

ಗದಗದಿಂದ ರೋಣ, ಬೇಕಿದ್ದರೆ ಪಕ್ಕಕ್ಕೆ ಸರಿದು ಸೂಡಿಯ ನಾಗಕುಂಡ, ಆಮೇಲೆ ಬಾದಾಮಿ. ಬಾದಾಮಿಯಿಂದ ಪಟ್ಟದಕಲ್ಲು 22 ಕಿ.ಮೀ., ಮಹಾಕೂಟ ಈ ದಾರಿಗೆ ಹತ್ತಿರ. ಪಟ್ಟದಕಲ್ಲಿನಿಂದ ಐಹೊಳೆ 13–14. ಒಟ್ಟು 250ರಿಂದ 280 ಕಿ.ಮೀ. ಆಗುತ್ತದೆ. ದಿನಕ್ಕೆ ಸರಾಸರಿ 50–60ರಂತೆ ಐದು ದಿನ ಇಟ್ಟುಕೊಂಡರೆ ಗುಡಿಗಳ ಮುಂದೆ ಅವಸರ ಮಾಡಬೇಕಿಲ್ಲ. ವಸತಿಗೆ ಕೊಪ್ಪಳ, ಗದಗ, ಬಾದಾಮಿಯನ್ನೇ ಲೆಕ್ಕಕ್ಕೆ ಹಿಡಿಯಬೇಕು. ನಡುವಿನ ಊರುಗಳಲ್ಲಿ ಖಾನಾವಳಿ ಸಿಗುತ್ತದೆ, ಕೋಣೆ ಸಿಗುವುದು ಕಷ್ಟ.

ನವೆಂಬರ್‌ನಿಂದ ಫೆಬ್ರುವರಿ ಮಧ್ಯದವರೆಗೆ ಗಾಳಿ ಸಾಮಾನ್ಯವಾಗಿ ಮೂಡಣ–ಈಶಾನ್ಯದಿಂದ ಬೀಸುತ್ತದೆ. ಅದಕ್ಕೇ ಹಂಪಿಯಿಂದ ಗದಗದ ಕಡೆಗೆ ತುಳಿಯಬೇಕೇ ಹೊರತು ಗದಗದಿಂದ ಹಂಪಿಗಲ್ಲ. ಮಳೆಗಾಲದಲ್ಲಿ ಇದು ತಿರುವುಮುರುವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಗಾಳಿ ಎಷ್ಟು ಬಲವಾಗಿರುತ್ತದೆ ಎನ್ನುವುದಕ್ಕೆ ಕಪ್ಪತಗುಡ್ಡದ ಸಾಲಿನ ಗಾಳಿಯಂತ್ರಗಳೇ ಸಾಕ್ಷಿ. ಎದುರುಗಾಳಿಯಲ್ಲಿ ಚೀಲ ಹೊತ್ತ ಸೈಕಲ್ ಸಮತಟ್ಟು ರಸ್ತೆಯಲ್ಲೂ ಗಂಟೆಗೆ 10 ಕಿ.ಮೀ. ಮೀರುವುದಿಲ್ಲ.

ಈ ಭಾಗದ ನಿಜವಾದ ಶತ್ರು ಏರು ಅಲ್ಲ, ಮುಳ್ಳು. ರಸ್ತೆ ಬದಿಯ ಬಳ್ಳಾರಿ ಜಾಲಿಯನ್ನು ಕಡಿದು ಹಾಕಿದ ಕಡೆ ಟೈರ್ ಇಳಿಸಿದರೆ ಮುಗಿಯಿತು. ಈ ಮುಳ್ಳಿನ ತುದಿ ಟೈರಿನೊಳಗೇ ಮುರಿದುಕೊಳ್ಳುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಟ್ಯೂಬಿಗೆ ತೇಪೆ ಹಾಕಿ ಗಾಳಿ ಹೊಡೆದರೆ ಅದೇ ಜಾಗದಲ್ಲಿ ಮತ್ತೆ ಪಂಕ್ಚರ್. ಆದ್ದರಿಂದ ಟೈರನ್ನು ಪೂರ್ತಿ ಬಿಚ್ಚಿ ಒಳಮೈಯಲ್ಲಿ ಹತ್ತಿಯ ಉಂಡೆ ಸುತ್ತಿಸಬೇಕು. ಹತ್ತಿಯ ಎಳೆ ಸಿಕ್ಕಿಕೊಂಡ ಕಡೆ ಮುಳ್ಳಿರುತ್ತದೆ; ಅದನ್ನು ಚಿಮುಟದಿಂದ ಕೀಳಬೇಕು. ಟ್ಯೂಬ್ ಉಜ್ಜಿ, ಸೊಲ್ಯೂಷನ್ ಹಚ್ಚಿ, ಅದು ಒಣಗುವವರೆಗೆ ಕಾದು ಆಮೇಲೆ ತೇಪೆ ಒತ್ತಬೇಕು. ಹಸಿಯಿದ್ದಾಗಲೇ ಒತ್ತಿದ ತೇಪೆ ಬಿಸಿಲಿಗೆ ಏಳುತ್ತದೆ. ಟೈರ್ 35 ಮಿ.ಮೀ.ಗಿಂತ ಕಿರಿದಾಗಿರಬಾರದು. ಹಳ್ಳಿಯ ಅಂಗಡಿಗಳಲ್ಲಿ ಸಿಗುವ 28 ಇಂಚಿನ ಟೈರ್ ಹಳೆಯ ಮಾದರಿಯ 635 ಮಿ.ಮೀ. ರಿಮ್ಮಿನದು, ಈಗಿನ ಗೇರ್ ಸೈಕಲ್ಲುಗಳಲ್ಲಿ ಹಲವಕ್ಕಿರುವ 700ಸಿ ಅಳತೆಯ 622 ಮಿ.ಮೀ. ರಿಮ್ಮಿಗೆ ಕೂರುವುದಿಲ್ಲ. ಎರಡು ಟ್ಯೂಬ್, ಸಣ್ಣ ಪಂಪ್, ತೆಳ್ಳನೆಯ ಫ್ರೆಂಚ್ (ಪ್ರೆಸ್ಟಾ) ವಾಲ್ವ್ ಇದ್ದರೆ ಅದರ ಅಡಾಪ್ಟರ್, ಹಿಂದಿನ ಚಕ್ರಕ್ಕೆ ಮೂರು ಕಡ್ಡಿ (ಸ್ಪೋಕ್), ಇಷ್ಟು ಜೊತೆಗಿರಲಿ.

ಸುಗ್ಗಿಯಲ್ಲಿ ರೈತರು ಡಾಂಬರು ರಸ್ತೆಯನ್ನೇ ಕಣ ಮಾಡಿಕೊಂಡು ಹುರುಳಿ, ತೊಗರಿ ಹರವಿರುತ್ತಾರೆ. ಲಾರಿ, ಬಸ್ಸಿಗೆ ಅದು ಲೆಕ್ಕಕ್ಕಿಲ್ಲ. ಸೈಕಲ್ಲಿನ ಹಿಂದಿನ ಡಿರೇಲರ್‌ಗೆ (ಸರಪಳಿಯನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಮಾತ್ರ ಅದು ಮೃತ್ಯು. ಹುರುಳಿ ಬಳ್ಳಿ ಸರಪಳಿಯೊಂದಿಗೆ ಸುತ್ತಿಕೊಂಡು ಒಳಗೆ ಹೋಗುತ್ತದೆ, ಪೆಡಲ್ ಬಿಗಿಯಾಯಿತೆಂದು ಇನ್ನಷ್ಟು ಬಲ ಹಾಕಿದರೆ ಡಿರೇಲರನ್ನು ಚೌಕಟ್ಟಿಗೆ ಹಿಡಿದಿಡುವ ಹ್ಯಾಂಗರ್ ಮುರಿಯುತ್ತದೆ. ಇಳಿದು, ಸೈಕಲ್ಲಿನ ಹಿಂಭಾಗ ಎತ್ತಿ ದಾಟಿಸುವುದೊಂದೇ ಉಪಾಯ. ಹ್ಯಾಂಗರ್ ಒಂದೊಂದು ಚೌಕಟ್ಟಿಗೆ ಒಂದೊಂದು ಬಗೆ. ತಮ್ಮ ಸೈಕಲ್ಲಿನದನ್ನೇ ಮನೆಯಿಂದ ತರಬೇಕು.

ಮಳೆ ಬಿದ್ದ ಮರುದಿನ ಎರೆಭೂಮಿಯ ಹೊಲದ ದಾರಿಗೆ ಇಳಿಯಬೇಡಿ. ಎರೆಮಣ್ಣು ನಾದಿದ ಹಿಟ್ಟಿನಂತೆ ಟೈರಿಗೆ ಅಂಟಿ, ಮಡ್‌ಗಾರ್ಡ್ ನಡುವೆ ತುಂಬಿಕೊಂಡು ಚಕ್ರವನ್ನೇ ನಿಲ್ಲಿಸುತ್ತದೆ. ತಳ್ಳಿಕೊಂಡೂ ಹೋಗಲಾಗದು. ಮಡ್‌ಗಾರ್ಡ್ ಬಿಚ್ಚಿ, ಕಡ್ಡಿಯಿಂದ ಕೆರೆದು, ಡಾಂಬರು ರಸ್ತೆ ಸೇರುವವರೆಗೆ ಹೊತ್ತುಕೊಳ್ಳಬೇಕು.

ನೀರಿನ ವಿಷಯ. ಕೊಪ್ಪಳ, ಗದಗ ಜಿಲ್ಲೆಗಳ ಹಲವು ಊರುಗಳಲ್ಲಿ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ, ಕುಡಿಯಲು ತಕ್ಕುದಲ್ಲ. ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳೇ ಆಸರೆ. ಆದರೆ ನಾಣ್ಯ ಹಾಕಿದರೆ ಕೊಡದ ಲೆಕ್ಕದಲ್ಲಿ ನೀರು ಸುರಿಯುತ್ತದೆ, ಸೈಕಲ್ ಸವಾರನ ಬಳಿ ಇರುವುದು ಒಂದು ಲೀಟರ್ ಬಾಟಲಿ. ಕೊಡ ತಂದವರನ್ನು ಕೇಳಿದರೆ ಯಾರೂ ಇಲ್ಲವೆನ್ನುವುದಿಲ್ಲ, ಅದು ಬೇರೆ ಮಾತು. ಘಟಕದ ಬದಿಗೆ ಒಂದು ಸಣ್ಣ ನಳ ಜೋಡಿಸುವುದು ಗ್ರಾಮ ಪಂಚಾಯಿತಿಗೆ ಭಾರವೇನಲ್ಲ.

ರೈಲಿನಲ್ಲಿ ಸೈಕಲ್ ತರುವವರು ಪಾರ್ಸೆಲ್ ಕಚೇರಿಯಲ್ಲಿ ಟಿಕೆಟ್ ತೋರಿಸಿ ಲಗೇಜ್ ಎಂದು ಬುಕ್ ಮಾಡಬೇಕು. ಒಂದೆರಡು ನಿಮಿಷ ನಿಲ್ಲುವ ನಿಲ್ದಾಣಕ್ಕೆ ಸಾಮಾನ್ಯವಾಗಿ ಬುಕ್ ಆಗುವುದಿಲ್ಲ. ಆದ್ದರಿಂದ ಹೋಗುವಾಗ ಹೊಸಪೇಟೆ, ಬರುವಾಗ ಬಾಗಲಕೋಟೆ ಅಥವಾ ಹುಬ್ಬಳ್ಳಿಯಲ್ಲಿ ವಿಚಾರಿಸುವುದು ವಾಸಿ. ಹೆಸರು, ಫೋನ್ ಸಂಖ್ಯೆ, ಇಳಿಸಬೇಕಾದ ನಿಲ್ದಾಣ ಬರೆದ ರಟ್ಟನ್ನು ಚೌಕಟ್ಟಿಗೆ ಎರಡು ಕಡೆ ಕಟ್ಟಬೇಕು. ದೀಪ, ಪಂಪ್, ಬಾಟಲಿಗಳನ್ನು ಬಿಚ್ಚಿಟ್ಟುಕೊಳ್ಳಬೇಕು.

ಕಬ್ಬು ನುರಿಯುವ ಕಾಲದಲ್ಲಿ ಬಾಗಲಕೋಟೆ ಜಿಲ್ಲೆಯ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳ ಕಾಟವಿದೆ. ಹಿಂದೆ ದೀಪವಿಲ್ಲ, ಪ್ರತಿಫಲಕವಿಲ್ಲ. ಹಾಡಿನ ಅಬ್ಬರಕ್ಕೆ ಚಾಲಕನಿಗೆ ಗಂಟೆ ಕೇಳಿಸುವುದಿಲ್ಲ. ಪ್ರತಿಫಲಕ ಪಟ್ಟಿ ಅಂಟಿಸದ ಟ್ರೇಲರ್‌ಗಳನ್ನು ಕಾರ್ಖಾನೆಯ ಗೇಟಿನಲ್ಲೇ ತಡೆದರೆ ಸೈಕಲ್‌ನವರಿಗಷ್ಟೇ ಅಲ್ಲ, ಬೈಕ್ ಸವಾರರಿಗೂ ಜೀವ ಉಳಿಯುತ್ತದೆ.

ಕೊನೆಯದಾಗಿ ಪುರಾತತ್ವ ಸ್ಮಾರಕಗಳ ಬಾಗಿಲು. ಕಾರಿಗೆ, ಬಸ್ಸಿಗೆ ನಿಲುಗಡೆ ಇದೆ, 12–15 ಕೆ.ಜಿ. ಸಾಮಾನು ಕಟ್ಟಿದ ಸೈಕಲ್ಲನ್ನು ನಂಬಿ ಬಿಟ್ಟುಹೋಗಲು ಜಾಗವಿಲ್ಲ. ಬಾದಾಮಿ ಗುಹೆಗಳ ಕೆಳಗಂತೂ ಕಳ್ಳರಿಗಿಂತ ಮಂಗಗಳ ಭಯ: ಬಾಳೆಹಣ್ಣಿನ ವಾಸನೆ ಹಿಡಿದರೆ ಚೀಲದ ಜಿಪ್ಪನ್ನೂ ಎಳೆದು ತೆಗೆಯುತ್ತವೆ. ಹೀಗಾಗಿ ಇಬ್ಬರು ಬಂದರೆ ಒಬ್ಬರು ಕೆಳಗೆ ಕಾವಲು, ಒಬ್ಬರೇ ಬಂದರೆ ಗುಹೆಯೇ ಖೋತಾ. ಹಂಪಿ, ಲಕ್ಕುಂಡಿ, ಬಾದಾಮಿ, ಪಟ್ಟದಕಲ್ಲು, ಐಹೊಳೆಯ ಟಿಕೆಟ್ ಕೌಂಟರ್ ಪಕ್ಕ, ಕಾವಲುಗಾರರ ಕಣ್ಣಳತೆಯಲ್ಲಿ, ಚೌಕಟ್ಟಿಗೆ ಬೀಗ ಹಾಕಲು ಬರುವಂತೆ ನೆಲಕ್ಕೆ ಹೂತ ಐದಾರು ಕಬ್ಬಿಣದ ಕಮಾನು, ಚೀಲ ಇಡಲು ಜಾಲರಿ ಬಾಗಿಲಿನ ಒಂದು ಕಪಾಟು ಸಾಕು. ಬರೀ ಮುಂದಿನ ಚಕ್ರ ಸಿಕ್ಕಿಸುವ ಶಾಲೆಯ ಸ್ಟ್ಯಾಂಡ್ ಬೇಡ; ಭಾರಕ್ಕೆ ಸೈಕಲ್ ವಾಲಿದಾಗ ರಿಮ್ ಡೊಂಕಾಗುತ್ತದೆ.

— ಕೆಲವು ಸೈಕಲ್ ಸವಾರರು, ಗದಗ